ಕುಂಡದ ತೋಟದಲ್ಲಿ ಸಹಬೆಳೆ: ಬೀದರ್, ಭಾಲ್ಕಿ, ಔರಾದ್

ಒಂದೇ ಕುಂಡದಲ್ಲೋ ಒತ್ತಾಗಿ ಜೋಡಿಸಿದ ಕುಂಡಗಳಲ್ಲೋ ಹಲವು ಬಗೆಯ ಗಿಡಗಳನ್ನು ಒಂದರಿಂದ ಒಂದಕ್ಕೆ ಕೇಡಾಗದಂತೆ, ಸಾಧ್ಯವಾದರೆ ಲಾಭವಾಗುವಂತೆ ಬೆಳೆಸುವುದನ್ನು ಕುಂಡದ ಸಹಬೆಳೆ ಎನ್ನಬಹುದು. ಈ ಬಗ್ಗೆ ಜನಪ್ರಿಯವಾಗಿರುವ ಬರಹಗಳು ಗಿಡಗಳನ್ನು ಮಿತ್ರರು, ಶತ್ರುಗಳು ಎಂದು ವಿಂಗಡಿಸುತ್ತವೆ: ಟೊಮ್ಯಾಟೊಗೆ ತುಳಸಿ ಜಾತಿಯ ಗಿಡ ಆಪ್ತ, ಗುಲಾಬಿಗೆ ಬೆಳ್ಳುಳ್ಳಿ ಕಾವಲು, ಉಳ್ಳಾಗಡ್ಡಿಗೂ ಅವರೆಗೂ ಆಗಿಬರದು. 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಲೂಯೀಸ್ ರಿಯೊಟ್ ಅವರ ‘ಕ್ಯಾರಟ್ಸ್ ಲವ್ ಟೊಮೇಟೋಸ್’ ಇಂಥ ಪಟ್ಟಿಗಳಿಗೆ ಪ್ರಸಿದ್ಧ ನಿದರ್ಶನ. ಅವು ಹುಟ್ಟಿದ್ದು ಹಿತ್ತಲ ನೆಲಕ್ಕಾಗಿ, ಅದೂ ತಂಪು ದೇಶದ ಹಿತ್ತಲಿಗಾಗಿ. ಬೀದರಿನ ಮಾಳಿಗೆಯ ಮೇಲಾಗಲಿ ಭಾಲ್ಕಿ, ಔರಾದಿನ ಅಂಗಳದಲ್ಲಾಗಲಿ ಕುಂಡ ಇಟ್ಟವರಿಗೆ ಆ ಪಟ್ಟಿಗಳಿಂದ ಸಿಗುವ ನೆರವು ಕಡಿಮೆ. ಇಲ್ಲಿ ಎರಡು ಗಿಡಗಳ ಹೊಂದಾಣಿಕೆಯನ್ನು ಮೊದಲು ತೀರ್ಮಾನಿಸುವುದು ಅವುಗಳ ಬಾಯಾರಿಕೆ. ಆಮೇಲೆ ಅವು ಮಣ್ಣಿನಲ್ಲಿ ಇರುವ ಅವಧಿ. ಆಮೇಲೆ ಬೇರಿನ ಆಳ. ವಾಸನೆ, ಕೀಟ, ಮೈತ್ರಿಯ ಮಾತು ಬರುವುದು ಇವೆಲ್ಲದರ ನಂತರ. ಈ ಕ್ರಮ ತಲೆಕೆಳಗಾದಾಗಲೇ ಹೆಚ್ಚಿನ ಜೋಡಿಗಳು ಕೆಡುತ್ತವೆ.

ಕಾರಣ ಈ ಸೀಮೆಯ ಹವೆ ಮತ್ತು ಮಣ್ಣಿನಲ್ಲಿದೆ. ಬೀದರ್ ನಗರ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಜಿಲ್ಲೆಯ ವಾರ್ಷಿಕ ಮಳೆ 850 ಮಿಲಿಮೀಟರಿನ ಆಸುಪಾಸು. ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ರಾಜ್ಯದ ತಣ್ಣನೆಯ ಊರುಗಳ ಸಾಲಿನಲ್ಲಿ ಬೀದರ್ ಹೆಸರು ಆಗಾಗ ಕೇಳಿಬರುತ್ತದೆ. ಮಳೆಗಾಲದಲ್ಲಿ ಕೊಳೆಯುವ ಭಯ, ಬೇಸಿಗೆಯಲ್ಲಿ ಒಣಗುವ ಭಯ, ಎರಡೂ ಒಂದೇ ಕುಂಡಕ್ಕೆ ಒಂದೇ ವರ್ಷದಲ್ಲಿ ಬರುತ್ತವೆ. ನೀರಿನ ಚಿಂತೆಯೂ ಇಲ್ಲಿ ಹಳೆಯದು. ನೌಬಾದಿನ ಸುರಂಗ ಬಾವಿ ಬಹಮನಿ ಅರಸರು 15ನೆಯ ಶತಮಾನದಲ್ಲಿ ಜಂಬಿಟ್ಟಿಗೆಯ ಒಡಲಿಂದ ನೀರು ತೆಗೆಯಲು ಕೊರೆಸಿದ್ದು. ಕೋಟೆಯೊಳಗಿನ ಲಾಲ್ ಬಾಗ್ ಕೂಡ ಕಾಲುವೆ ಮತ್ತು ಕೊಳದ ಸುತ್ತ ರೂಪುಗೊಂಡ ತೋಟ. ಗಡಿಯಾಚೆಯ ಲಾತೂರಿಗೆ 2016ರ ಬೇಸಿಗೆಯಲ್ಲಿ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಆ ಜಿಲ್ಲೆಯ ಹೊಲಗಳಿಗೂ ಔರಾದ್, ಭಾಲ್ಕಿಯ ಹೊಲಗಳಿಗೂ ನಡುವೆ ಇರುವುದು ನಕಾಶೆಯ ಗೆರೆ ಮಾತ್ರ.

ಮಣ್ಣಿನ ವಿಷಯದಲ್ಲಿ ಈ ಮೂರು ಊರುಗಳು ಒಂದೇ ಅಲ್ಲ. ಬೀದರ್ ಸುತ್ತಿನದು ಜಂಬಿಟ್ಟಿಗೆಯಿಂದಾದ ಕೆಂಪು ಮಣ್ಣು: ನೀರು ಬೇಗ ಬಸಿಯುತ್ತದೆ, ಸಾರ ಕಡಿಮೆ, ಹಾಕಿದ ಗೊಬ್ಬರವನ್ನೂ ಹೆಚ್ಚು ದಿನ ಹಿಡಿದಿಡುವುದಿಲ್ಲ. ಭಾಲ್ಕಿ, ಔರಾದ್ ಕಡೆ ಹೆಚ್ಚಾಗಿ ಎರೆ ಮಣ್ಣು: ನೀರನ್ನೂ ಪೋಷಕಾಂಶವನ್ನೂ ಗಟ್ಟಿಯಾಗಿ ಹಿಡಿದಿಡುತ್ತದೆ, ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹೊಲದಲ್ಲಿ ಈ ಗುಣ ಹಿಂಗಾರಿ ಜೋಳವನ್ನು ಮಳೆಯಿಲ್ಲದೆಯೂ ದಡ ಸೇರಿಸುತ್ತದೆ. ಕುಂಡದಲ್ಲಿ ಅದೇ ಗುಣ ತೊಂದರೆಯಾಗುತ್ತದೆ. ಬೇಸಿಗೆಯಲ್ಲಿ ಎರೆ ಮಣ್ಣು ಕುಂಡದ ಗೋಡೆಯಿಂದ ಬಿಟ್ಟುಕೊಂಡು ಕುಗ್ಗುತ್ತದೆ, ಮೇಲೆ ಸುರಿದ ನೀರು ಆ ಸಂದಿಯಿಂದ ಇಳಿದು ತಳದ ತೂತಿನಲ್ಲಿ ಹೊರಬೀಳುತ್ತದೆ, ಬೇರಿನ ಮುದ್ದೆ ಒಣಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಇದೇ ಮಣ್ಣು ದಿನಗಟ್ಟಲೆ ಕೆಸರಾಗಿ ನಿಂತು ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಸುಣ್ಣದ ಅಂಶವೂ ಇದರಲ್ಲಿ ಹೆಚ್ಚು. ಗುಲಾಬಿಯ ಚಿಗುರೆಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿ ತಿರುಗಿದರೆ ಅದು ಸಾಮಾನ್ಯವಾಗಿ ಕಬ್ಬಿಣ ದಕ್ಕದ ಲಕ್ಷಣ. ಹಾಗಾಗಿ ಕೆಂಪು ಮಣ್ಣು, ಎರೆ ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಮೂರನ್ನೂ ಬೆರೆಸುವುದು ಒಳ್ಳೆಯದು. ಎರೆಯ ಪಾಲು ಕಾಲು ಭಾಗ ಮೀರದಿರುವುದು ಕ್ಷೇಮ. ದೇವಣಿ ದನಗಳ ಈ ಸೀಮೆಯಲ್ಲಿ ಗೊಬ್ಬರಕ್ಕೆ ಬರವಿಲ್ಲ, ಆದರೆ ಹಸಿ ಸಗಣಿ ಕುಂಡದಲ್ಲಿ ಬೇರು ಸುಡುತ್ತದೆ. ಯಾವ ಗಿಡ ಯಾವುದರ ಜೊತೆ ಎಂದು ಕೇಳುವ ಮೊದಲು ಈ ಮಿಶ್ರಣ ಆಗಿರಬೇಕು. ಬಸಿಯದ ಮಣ್ಣಿನಲ್ಲಿ ಎಂಥ ಜೋಡಿಯೂ ಬಾಳದು.

ಬಾಯಾರಿಕೆಗೆ ಮೊದಲ ಸ್ಥಾನ ಏಕೆ ಎಂಬುದು ಸರಳ ಲೆಕ್ಕದಿಂದ ಗೊತ್ತಾಗುತ್ತದೆ. ಬಾಯಿ 12 ಅಂಗುಲ ಅಗಲದ ಸಾಮಾನ್ಯ ಕುಂಡದಲ್ಲಿ ಹಿಡಿಯುವ ಮಣ್ಣು ಸುಮಾರು 14 ಲೀಟರ್. ನೀರುಣಿಸಿ ಬಸಿದ ಮೇಲೆ ಅದರಲ್ಲಿ ಗಿಡಕ್ಕೆ ದಕ್ಕುವ ನೀರು ಐದರಲ್ಲಿ ಒಂದು ಭಾಗ ಎಂದುಕೊಂಡರೂ ಮೂರು ಲೀಟರಿನ ಒಳಗೇ. ಕಾಯಿ ಹಿಡಿದ ಒಂದು ಟೊಮ್ಯಾಟೊ ಗಿಡ ಮೇ ಬಿಸಿಲಿನಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಯಬಲ್ಲದು, ಮಣ್ಣಿನ ಕುಂಡವಾದರೆ ಗೋಡೆಯಿಂದ ಆವಿಯಾಗುವುದು ಬೇರೆ. ಅಂದರೆ ಕುಂಡದ ಕೂಡಿಟ್ಟ ಗಂಟು ಒಂದೂವರೆ ದಿನದ್ದು. ನೆಲದಲ್ಲಿ ಬಾಯಾರಿದ ಗಿಡ ಬೇರನ್ನು ಒಂದು ಗೇಣು ಮುಂದೆ ಚಾಚಿ ನೀರು ಹುಡುಕುತ್ತದೆ. ಕುಂಡದಲ್ಲಿ ಹುಡುಕಲು ಜಾಗವಿಲ್ಲ, ಪಕ್ಕದ ಗಿಡದ ಪಾಲನ್ನೇ ತೆಗೆದುಕೊಳ್ಳಬೇಕು. ಹೆಚ್ಚು ಕುಡಿಯುವ ಗಿಡಕ್ಕೆ ತಕ್ಕಂತೆ ನೀರು ಹಾಕಿದರೆ ಕಡಿಮೆ ಕುಡಿಯುವುದರ ಬೇರು ಕೊಳೆಯುತ್ತದೆ, ಕಡಿಮೆಯದಕ್ಕೆ ತಕ್ಕಂತೆ ಹಾಕಿದರೆ ಇನ್ನೊಂದು ಬಾಡುತ್ತದೆ.

ಈ ಅಳತೆಯಿಂದ ನೋಡಿದಾಗ ನರ್ಸರಿಗಳಲ್ಲಿ ಅಂದಕ್ಕಾಗಿ ಜೋಡಿಸುವ ಕೆಲವು ಮಿಶ್ರಣಗಳು ಇಲ್ಲಿ ಒಂದು ಹಂಗಾಮೂ ನಿಲ್ಲವು. ಕಾಗದದ ಹೂವಿನ ಗಿಡ ಮಣ್ಣು ಒಣಗಿದಾಗಲೇ ಮೈತುಂಬ ಹೂ ಬಿಡುತ್ತದೆ. ಅದರ ಬುಡದಲ್ಲಿ ದಿನಾ ನೀರು ಕೇಳುವ ಪೆಟೂನಿಯ ನೆಟ್ಟರೆ ಒಂದು ಹೂ ಬಿಡದು, ಇನ್ನೊಂದು ಉಳಿಯದು. ಲೋಳೆಸರ, ದೊಡ್ಡಪತ್ರೆ, ಎಲೆಯಲ್ಲಿ ನೀರು ಕೂಡಿಡುವ ಇತರ ಗಿಡಗಳು ತಮ್ಮೊಳಗೇ ಒಂದು ಗುಂಪು. ಬೇರೂರಿದ ಕರಿಬೇವಿನ ದೊಡ್ಡ ಕುಂಡದ ಅಂಚಿಗೆ ದೊಡ್ಡಪತ್ರೆ ಇಳಿಬಿಡಬಹುದು, ಎರಡೂ ನಡುನಡುವೆ ಒಣಗುವುದನ್ನು ಸಹಿಸುತ್ತವೆ. ಚವಳಿಕಾಯಿ, ಪುಂಡಿ, ಅಲಸಂದಿ ಬಿಸಿಲು ತಡೆಯುವ ಮಧ್ಯಮ ಗುಂಪು. ಬದನೆ, ಟೊಮ್ಯಾಟೊ, ಪಾಲಕ್, ಮೆಂತೆ, ಕೊತ್ತಂಬರಿ ದಿನದ ನೀರಿನವು. ಪುದೀನ ಈ ಕೊನೆಯ ಗುಂಪಿನದೇ ಆದರೂ ಯಾರ ಜೊತೆಗೂ ಸಲ್ಲದು, ಮಣ್ಣಿನ ಕೆಳಗೆ ಹಬ್ಬಿ ತಿಂಗಳೆರಡರಲ್ಲಿ ಕುಂಡವನ್ನೇ ನುಂಗುತ್ತದೆ. ಅದಕ್ಕೆ ಬೇರೆ ಬಕೆಟ್ ಕೊಟ್ಟು, ಬಚ್ಚಲ ಪಕ್ಕದ ಅರೆನೆರಳಲ್ಲಿ ಇಡುವುದೇ ಸರಿ.

ಇದಕ್ಕೆ ಬರುವ ಬಲವಾದ ಆಕ್ಷೇಪ ಹೊಲದಿಂದಲೇ ಹುಟ್ಟುತ್ತದೆ. ಬೀದರ್ ಜಿಲ್ಲೆಯ ರೈತರು ಸೋಯಾದ ನಡುವೆ ತೊಗರಿ, ಹೆಸರು, ಉದ್ದಿನ ನಡುವೆ ತೊಗರಿ ಬಿತ್ತುತ್ತಾರೆ. ಬೇರೆ ಬೇರೆ ಬಾಯಾರಿಕೆಯ, ಬೇರೆ ಬೇರೆ ಎತ್ತರದ ಬೆಳೆಗಳು ಒಂದೇ ನೆಲದಲ್ಲಿ ಚೆನ್ನಾಗಿಯೇ ಬರುತ್ತವೆ. ಹೊಲದಲ್ಲಿ ಒಪ್ಪುವುದು ಕುಂಡದಲ್ಲೇಕೆ ಒಪ್ಪಬಾರದು? ಆ ಪದ್ಧತಿಯ ಯಶಸ್ಸು ಎರಡು ಬೇರೆ ಬೇರೆ ಕಾರಣಗಳಿಂದ ಬಂದದ್ದು, ಅವುಗಳಲ್ಲಿ ಒಂದು ಮಾತ್ರ ಕುಂಡಕ್ಕೆ ಸಾಗುತ್ತದೆ ಎಂಬುದು ಇದಕ್ಕೆ ಉತ್ತರ. ಮೊದಲನೆಯದು ಆಳ. ತೊಗರಿಯ ತಾಯಿಬೇರು ಒಂದು ಮೀಟರಿಗೂ ಕೆಳಗೆ ಇಳಿಯುತ್ತದೆ, ಸೋಯಾದ ಬೇರಿನ ಬಹುಭಾಗ ಮೇಲ್ಪದರದಲ್ಲೇ ಉಳಿಯುತ್ತದೆ. ಒಂದು ಅಡಿ ಆಳದ ಕುಂಡದಲ್ಲಿ ಈ ಅಂತಸ್ತುಗಳು ಇರುವುದಿಲ್ಲ. ಎರಡನೆಯದು ಕಾಲ. ಇಲ್ಲಿ ರೂಢಿಯಲ್ಲಿರುವ ಜೆಎಸ್ 335 ಸೋಯಾ ತಳಿ ನೂರು ದಿನದ ಒಳಗೆ ಕಟಾವಿಗೆ ಬರುತ್ತದೆ, ಹೆಸರು ಎರಡು ತಿಂಗಳ ಆಚೀಚೆ. ತೊಗರಿ ನಿಧಾನವಾಗಿ ಬೆಳೆದು ಐದಾರು ತಿಂಗಳು ನಿಲ್ಲುತ್ತದೆ. ಮೊದಲಿನದು ಜಾಗ ಬಿಡುವ ಹೊತ್ತಿಗೆ ಎರಡನೆಯದು ಹರಡಿಕೊಳ್ಳುತ್ತದೆ. ಈ ಕಾಲದ ಹಂಚಿಕೆಗೆ ಆಳದ ಹಂಗಿಲ್ಲ. ಹೊಲದಿಂದ ಮಾಳಿಗೆಗೆ ತರಬೇಕಾದ್ದು ಸಾಲುಗಳನ್ನಲ್ಲ, ದಿನಗಳ ಲೆಕ್ಕವನ್ನು.

ಕುಂಡದಲ್ಲಿ ನಂಬಬಹುದಾದ ಸಹಬೆಳೆಗಳೆಲ್ಲ ಈ ದಿನಗಳ ಲೆಕ್ಕದ ಮೇಲೇ ನಿಂತಿವೆ. ಅಕ್ಟೋಬರ್‌ನಿಂದ ಫೆಬ್ರುವರಿ ಇಲ್ಲಿ ಕುಂಡಕ್ಕೆ ಅತ್ಯುತ್ತಮ ಹಂಗಾಮು. ಹದಿನೆಂಟು ಅಂಗುಲದ ಕುಂಡದ ನಡುವೆ ಒಂದು ಬದನೆ ಸಸಿ ನೆಟ್ಟು, ಅದೇ ದಿನ ಅಂಚಿನ ಸುತ್ತ ಮೆಂತೆ ಚೆಲ್ಲಿದರೆ, ಇಪ್ಪತ್ತೈದು ಮೂವತ್ತು ದಿನಕ್ಕೆ ಮೆಂತೆ ಕಿತ್ತು ಅಡುಗೆಗೆ ಹೋಗಿರುತ್ತದೆ, ಬದನೆ ಆಗ ತಾನೇ ಕೊಂಬೆ ಒಡೆಯುತ್ತಿರುತ್ತದೆ. ಕೊತ್ತಂಬರಿ ಸ್ವಲ್ಪ ನಿಧಾನ, ನಲವತ್ತು ದಿನ ಬೇಕು, ಆದರೂ ಹೊಂದುತ್ತದೆ. ಮೂಲಂಗಿಯೂ ಅಷ್ಟೇ ಅವಧಿಯದು. ಆದರೆ ಅದರ ಗಡ್ಡೆ ಕೀಳುವಾಗ ಪಕ್ಕದ ಸಸಿಯ ಬೇರು ಅಲುಗುತ್ತದೆ, ಹಾಗಾಗಿ ಅದು ಅಂಚಿನಲ್ಲೇ ಇರಬೇಕು. ಗಜ್ಜರಿಯ ನಡುವೆ ಉಳ್ಳಾಗಡ್ಡಿ ನೆಟ್ಟು ಎಳೆಯ ತಾಳು ಕಿತ್ತುಕೊಳ್ಳುವುದೂ ಇದೇ ಜಾಡಿನದು. ದಸರೆ ಮುಗಿದ ಮೇಲೆ ಬಿತ್ತಿದ ಇಂಥ ಕುಂಡಗಳು ಎಳ್ಳಮಾವಾಸ್ಯೆಯ ಹೊತ್ತಿಗೆ ಭಜ್ಜಿಗೆ ಬೇಕಾದ ಸೊಪ್ಪಿನಲ್ಲಿ ಒಂದು ಪಾಲನ್ನಾದರೂ ಕೊಡಬಲ್ಲವು. ಉಳಿದ ಪಾಲಿಗೆ ಹೇಗೂ ಹೊಲವೇ ಗತಿ. ಜೂನಿನಲ್ಲಿ ಮಿರಗದ ಮಳೆ ಬಿದ್ದಾಗ ಇದೇ ಜೋಡಿಯನ್ನು ಹಾಕಿದರೆ ಮೆಂತೆ ಸಸಿಗಳು ಬುಡ ಕೊಳೆತು ಬೀಳುವ ಸಂಭವ ಹೆಚ್ಚು, ಮಾರ್ಚಿನಲ್ಲಿ ಹಾಕಿದರೆ ಕೊತ್ತಂಬರಿ ಎಲೆ ಕಟ್ಟುವ ಮೊದಲೇ ಹೂವಿಗೆ ನಿಲ್ಲುತ್ತದೆ. ಜೋಡಿ ಒಂದೇ, ತಿಂಗಳು ಬೇರೆ, ಫಲವೂ ಬೇರೆ. ತಿಂಗಳಿನ ಹೆಸರಿಲ್ಲದ ಮಿತ್ರ ಶತ್ರು ಪಟ್ಟಿಗೆ ಈ ಊರಿನಲ್ಲಿ ಬೆಲೆ ಕಡಿಮೆ ಎನ್ನುವುದಕ್ಕೆ ಇಷ್ಟು ಸಾಕು.

ಬೇರಿನ ವಿಷಯದಲ್ಲಿ ಒಂದು ಗಟ್ಟಿ ಅಧ್ಯಯನವಿದೆ. ಹೆಂಡ್ರಿಕ್ ಪೂರ್ಟರ್ ಮತ್ತು ಸಂಗಡಿಗರು 65 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಕುಂಡದ ಗಾತ್ರ ಇಮ್ಮಡಿಯಾದರೆ ಗಿಡದ ಒಟ್ಟು ತೂಕ ಸರಾಸರಿ ಶೇಕಡಾ 43ರಷ್ಟು ಹೆಚ್ಚುತ್ತದೆ. ಇದರಿಂದ ಎರಡು ಪಾಠ ಹೊರಡುತ್ತವೆ. ಚಿಕ್ಕ ಕುಂಡದಲ್ಲಿ ಗಿಡ ಬಡವಾಗುವುದು ಬರೀ ನೀರು ಗೊಬ್ಬರದ ಕೊರತೆಯಿಂದಲ್ಲ, ಜಾಗದ ಕೊರತೆಯೂ ಅದನ್ನು ಹಿಡಿದು ನಿಲ್ಲಿಸುತ್ತದೆ. ಎಂಟು ಅಂಗುಲದ ಕುಂಡಕ್ಕೆ ಎರಡನೆಯ ಗಿಡ ತುರುಕುವುದೆಂದರೆ ಮೊದಲನೆಯದರ ಕುಂಡವನ್ನು ಅರ್ಧಕ್ಕೆ ಇಳಿಸಿದಂತೆ. ಎರಡನೆಯ ಪಾಠ ಇದರ ಮಗ್ಗುಲದ್ದು: ಮಣ್ಣು ಇಮ್ಮಡಿಯಾದರೂ ಬೆಳೆ ಇಮ್ಮಡಿಯಾಗುವುದಿಲ್ಲ, ಅಂದರೆ ದೊಡ್ಡ ಕುಂಡದಲ್ಲಿ ಒಂಟಿ ಗಿಡ, ಅದೂ ಅದರ ಎಳೆತನದಲ್ಲಿ, ಸಾಕಷ್ಟು ಮಣ್ಣನ್ನು ಬಳಸದೆ ಬಿಟ್ಟಿರುತ್ತದೆ. ಸಹಬೆಳೆಗೆ ಅವಕಾಶ ಇರುವುದು ಆ ಮಿಗಿತದಲ್ಲಿ. ಪೇಂಟಿನ 20 ಲೀಟರ್ ಬಕೆಟ್ ಆಗಲಿ, ಹದಿನೈದು ಹದಿನೆಂಟು ಅಂಗುಲದ ಕುಂಡವಾಗಲಿ ಇದ್ದರೆ ಮಾತ್ರ ಒಂದು ಮುಖ್ಯ ಗಿಡ ಮತ್ತು ಒಂದು ಅಲ್ಪಾಯುಷಿ ಎಂಬ ಜೋಡಿಗೆ ಕೈಹಾಕಬೇಕು. ಅದಕ್ಕಿಂತ ಚಿಕ್ಕದರಲ್ಲಿ ಒಂದೇ ಗಿಡವೋ ಒಂದೇ ಬಗೆಯ ಸೊಪ್ಪೋ ಇರಲಿ.

ಕೀಟದ ಮಾತಿಗೆ ಬಂದರೆ ಚೆಂಡುಹೂವಿನ ಹೆಸರು ಎಲ್ಲರ ಬಾಯಲ್ಲೂ ಇದೆ, ಅದು ಸುಮ್ಮನೆ ಬಂದ ಹೆಸರೂ ಅಲ್ಲ. ಟೊಮ್ಯಾಟೊ ಕಾಯಿಕೊರಕಕ್ಕೆ ಬಲೆಬೆಳೆಯಾಗಿ ಚೆಂಡುಹೂವನ್ನು ಬಳಸುವ ಕ್ರಮವನ್ನು ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿತು: ಹದಿನಾರು ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ, ನಾಟಿಯ ದಿನ ಚೆಂಡುಹೂವಿನ ಸಸಿಗೆ ನಲವತ್ತು ದಿನ, ಟೊಮ್ಯಾಟೊಗೆ ಇಪ್ಪತ್ತೈದು. ಎರಡೂ ಒಟ್ಟಿಗೆ ಹೂಬಿಡುವಂತೆ ಮಾಡುವುದು ಈ ವಯಸ್ಸಿನ ಅಂತರದ ಗುಟ್ಟು. ಕೊರಕದ ಪತಂಗ ಚೆಂಡುಹೂವಿನ ಮೇಲೆ ಮೊಟ್ಟೆಯಿಡುತ್ತದೆ. ಗಮನಿಸಬೇಕಾದ್ದೆಂದರೆ ಇಲ್ಲಿ ಚೆಂಡುಹೂ ಕೀಟವನ್ನು ಓಡಿಸುವುದಿಲ್ಲ, ಕರೆಯುತ್ತದೆ. ಹೊಲದಲ್ಲಿ ಕರೆದ ಕೀಟ ಬಲೆಬೆಳೆಯ ಬೇರೆ ಸಾಲಿನಲ್ಲಿ ಉಳಿಯುತ್ತದೆ. ಒಂದೇ ಕುಂಡದಲ್ಲಿ ಎರಡನ್ನೂ ನೆಟ್ಟರೆ ಬಲೆ ಮತ್ತು ಬೆಳೆ ಒಂದಕ್ಕೊಂದು ತಾಗಿರುತ್ತವೆ, ಹುಳು ಎಲೆಯಿಂದ ಎಲೆಗೆ ಹರಿದು ಬರಬಹುದು. ಆದ್ದರಿಂದ ಚೆಂಡುಹೂವಿನ ಕುಂಡ ಬೇರೆಯಾಗಿ, ಸಾಲಿನ ತುದಿಗೆ ಇರಬೇಕು, ಅದರ ಮೊಗ್ಗು ಹೂಗಳನ್ನು ಆಗಾಗ ನೋಡಿ ಹುಳು ಹೆಕ್ಕಬೇಕು. ಚೆಂಡುಹೂವಿನ ಬೇರು ಹೊರಸೂಸುವ ರಾಸಾಯನಿಕ ಬೇರುಗಂಟು ಜಂತುವನ್ನು ತಗ್ಗಿಸುತ್ತದೆ ಎಂಬುದೂ ನಿಜ. ಆದರೆ ಅದರ ಪೂರ್ಣ ಫಲ ಸಿಗುವುದು ಪಕ್ಕದಲ್ಲಿ ಒಂದು ಗಿಡ ನೆಟ್ಟಾಗಲ್ಲ, ಇಡೀ ಮಣ್ಣಿನಲ್ಲಿ ಎರಡು ತಿಂಗಳು ದಟ್ಟವಾಗಿ ಚೆಂಡುಹೂವನ್ನೇ ಬೆಳೆದು ಆಮೇಲೆ ತರಕಾರಿ ಹಾಕಿದಾಗ. ದೀಪಾವಳಿಗೆ ಹೂ ಕೊಟ್ಟ ಕುಂಡಕ್ಕೆ ಅದೇ ಮಣ್ಣಿನಲ್ಲಿ ಟೊಮ್ಯಾಟೊ ಸಸಿ ಹಾಕುವುದು ಈ ತಿಳಿವಳಿಕೆಯ ಸರಿಯಾದ ಬಳಕೆ. ಇದೂ ಜೊತೆಯ ಮಾತಲ್ಲ, ಸರದಿಯ ಮಾತು.

ದ್ವಿದಳದ ಬಗ್ಗೆಯೂ ಇಂಥದೇ ಅರೆಸತ್ಯ ಪ್ರಚಾರದಲ್ಲಿದೆ. ಅಲಸಂದಿ, ಅವರೆ, ಹೆಸರು ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತವೆ, ಆದ್ದರಿಂದ ಜೊತೆಗಿರುವ ಸೊಪ್ಪಿಗೆ ಗೊಬ್ಬರ ಬೇಡ ಎನ್ನುವವರಿದ್ದಾರೆ. ಹಿಡಿದ ಸಾರಜನಕದ ಹೆಚ್ಚು ಭಾಗ ಆ ಗಿಡದ ಮೈಯಲ್ಲೇ, ಕೊನೆಗೆ ಕಾಳಿನಲ್ಲೇ ಉಳಿಯುತ್ತದೆ. ನೆರೆಯ ಗಿಡಕ್ಕೆ ಬದುಕಿದ್ದಾಗ ಸಿಗುವುದು ಅಲ್ಪ. ಬೇರು, ಎಲೆ ಮಣ್ಣಿನಲ್ಲೇ ಕೊಳೆತ ಮೇಲೆ ಮುಂದಿನ ಬೆಳೆಗೆ ಸಿಗುವುದೇ ಹೆಚ್ಚು. ಮೇಲಾಗಿ ಗೊಬ್ಬರ ತುಂಬಿದ ಕುಂಡದಲ್ಲಿ ದ್ವಿದಳ ಸಾರಜನಕ ಹಿಡಿಯುವ ಗೋಜಿಗೇ ಹೆಚ್ಚು ಹೋಗುವುದಿಲ್ಲ. ಅಮೆರಿಕದ ಮೂಲನಿವಾಸಿಗಳು ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳವನ್ನು ಒಂದೇ ದಿಬ್ಬದಲ್ಲಿ ಬೆಳೆಯುತ್ತಿದ್ದ ಪದ್ಧತಿಯನ್ನು ಕುಂಡಕ್ಕೆ ಇಳಿಸಲು ಹೊರಡುವವರು ಕುಂಬಳದ ಬಳ್ಳಿಗೆ ಎಷ್ಟು ಜಾಗ ಬೇಕೆಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಚೆಂಡುಹೂ, ದ್ವಿದಳದ ಇಂಥ ಮಾತುಗಳಿಗಿಂತ ಗಿಡದ ಕುಟುಂಬವನ್ನು ನೋಡುವುದು ಪ್ರಯೋಜನಕಾರಿ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಒಂದೇ ಮನೆತನದವು. ನೀರು, ಬಿಸಿಲು, ಗೊಬ್ಬರ ಎಲ್ಲದರಲ್ಲೂ ಹೊಂದುವುದರಿಂದ ಒಂದೇ ಕುಂಡಕ್ಕೆ ಸೇರಿಸಲು ಮನಸ್ಸಾಗುತ್ತದೆ. ಆದರೆ ಅವುಗಳ ರೋಗ, ಕೀಟಗಳೂ ಒಂದೇ: ದುಂಡಾಣು ಸೊರಗು, ಬೇರುಗಂಟು ಜಂತು, ಬಿಳಿನೊಣ. ಬಾಯಾರಿಕೆಯೇ ಮೊದಲ ಅಳತೆ ಎಂಬ ಮಾತಿಗೆ ಇದೊಂದು ನಿಜವಾದ ಮಿತಿ, ಒಪ್ಪಿಕೊಳ್ಳಬೇಕಾದ್ದೇ. ಒಂದೇ ಬಾಯಾರಿಕೆಯ ಬೇರೆ ಬೇರೆ ಕುಟುಂಬಗಳಿಂದ ಜೋಡಿ ಆರಿಸಬೇಕು: ಬದನೆಯೊಡನೆ ಮೆಂತೆ, ಟೊಮ್ಯಾಟೊದೊಡನೆ ಪಾಲಕ್, ಮೆಣಸಿನಕಾಯಿಯೊಡನೆ ಕೊತ್ತಂಬರಿ. ಕಟಾವಿನ ನಂತರ ಮಣ್ಣನ್ನು ಹಾಗೇ ಬಿಡಬಾರದು. ಇಲ್ಲಿನ ರೈತರು ಬೇಸಿಗೆಯಲ್ಲಿ ಮಾಗಿ ಉಳುಮೆ ಮಾಡಿ ಹೊಲವನ್ನು ಬಿಸಿಲಿಗೆ ಒಡ್ಡುವಂತೆ ಕುಂಡದ ಮಣ್ಣನ್ನೂ ಮೇ ತಿಂಗಳಲ್ಲಿ ಸುರಿದು, ತೇವ ಮಾಡಿ, ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕು ವಾರ ಇಟ್ಟರೆ ರೋಗಾಣು, ಜಂತು, ಕಳೆಬೀಜ ಬಹುಮಟ್ಟಿಗೆ ಸಾಯುತ್ತವೆ. ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ವಿವರಿಸಿದ ಈ ವಿಧಾನಕ್ಕೆ ಬೀದರಿನ ಬಿಸಿಲಿಗಿಂತ ಒಳ್ಳೆಯ ಒಲೆ ಬೇಕಿಲ್ಲ.

ಒಂದು ಕುಂಡಕ್ಕೆ ಒಂದೇ ಗಿಡ ಎಂದರೆ ಈ ತಲೆನೋವೇ ಇಲ್ಲವಲ್ಲ ಎಂದು ಕೇಳಬಹುದು. ಹಲವು ಗಿಡಗಳಿಗೆ ಅದೇ ಸರಿ. ಗುಲಾಬಿಯ ಬುಡ ತೆರವಾಗಿದ್ದು ಗಾಳಿಯಾಡಿದರೆ ಬೂದಿರೋಗ, ಕಪ್ಪುಚುಕ್ಕೆ ಕಡಿಮೆ. ಕಟ್ಟೆಯ ತುಳಸಿಯ ಬುಡದಲ್ಲಿ ಬೇರೆ ಗಿಡ ನೆಡಬಾರದೆಂಬ ಮನೆಯ ಸಂಪ್ರದಾಯಕ್ಕೂ ಸಸ್ಯಶಾಸ್ತ್ರಕ್ಕೂ ಜಗಳವಿಲ್ಲ, ಅದರ ಬೇರು ಚಿಕ್ಕ ಕಟ್ಟೆಯನ್ನು ತಾನೇ ತುಂಬಿಕೊಳ್ಳುತ್ತದೆ. ಆದರೆ ತರಕಾರಿಗೆ ಈ ನಿಯಮ ದುಬಾರಿ. ಹಸಿ ಮಣ್ಣು ತುಂಬಿದ 20 ಲೀಟರ್ ಬಕೆಟ್ 25ರಿಂದ 30 ಕಿಲೋ ತೂಗುತ್ತದೆ. ಮರದ ತೊಲೆಯ ಮೇಲೆ ಮಣ್ಣು ಹಾಕಿದ ಹಳೆಯ ಮಾಳಿಗೆಗಳ ಮೇಲೆ ಇಂಥ ಹೊರೆ ಇಡಲೇಬಾರದು. ಸಿಮೆಂಟಿನ ಛಾವಣಿಯಲ್ಲೂ ಗೋಡೆ, ತೊಲೆಗಳ ನೇರಕ್ಕೇ ಇಡಬೇಕು. ಇಡಬಹುದಾದ ಕುಂಡಗಳ ಸಂಖ್ಯೆ ಹೀಗೆ ಕಟ್ಟಡದಿಂದಲೇ ನಿಗದಿಯಾಗುವಾಗ, ಒಂದರಿಂದ ಎರಡು ಕೊಯ್ಲು ತೆಗೆಯುವುದಕ್ಕೆ ಅರ್ಥವಿದೆ. ಹನಿ ನೀರಾವರಿ ಹಾಕಿದರೆ ಬಾಯಾರಿಕೆಯ ಹೊಂದಾಣಿಕೆ ಬೇಡ ಎಂಬ ವಾದ ಅರ್ಧ ಸರಿ: ಹನಿಯಿಂದ ಕುಂಡ ಕುಂಡಕ್ಕೆ ನೀರು ಬೇರೆ ಬೇರೆಯಾಗಿ ಕೊಡಬಹುದು, ಒಂದೇ ಕುಂಡದೊಳಗಿನ ಎರಡು ಗಿಡಗಳಿಗೆ ಬೇರೆ ಬೇರೆಯಾಗಿ ಕೊಡಲಾಗದು. ಬತ್ತಿಯಿಂದ ನೀರೆಳೆಯುವ ಕುಂಡಗಳಂತೂ ಮಣ್ಣನ್ನು ಸದಾ ತೇವವಾಗಿಡುವುದರಿಂದ ಒಣಗು ಬೇಡುವ ಗುಂಪನ್ನು ಪೂರ್ತಿ ಹೊರಗಿಡುತ್ತವೆ. ನೆಲ ಮುಚ್ಚುವ ಸೊಪ್ಪು ನೀರು ಉಳಿಸುತ್ತದೆ ಎಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲದು. ಮಣ್ಣಿನ ಮೈಯಿಂದ ಆವಿಯಾಗುವುದು ತಗ್ಗಬಹುದು, ಆದರೆ ಎಲೆ ಹೆಚ್ಚಿದಷ್ಟೂ ಎಲೆಯ ಮೂಲಕ ಹೋಗುವ ನೀರು ಹೆಚ್ಚು. ಚಳಿಗಾಲದಲ್ಲಿ ಆ ನೀರು ಸೊಪ್ಪಾಗಿ ತಿರುಗಿ ಬರುವುದರಿಂದ ನಷ್ಟವಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಕುಂಡದ ಒಳಗಿನ ಸಹಬೆಳೆಯನ್ನು ಕೈಬಿಡುವುದು ಮೇಲು. ಆಗ ಮಣ್ಣಿನ ಮೇಲೆ ಜೀವಂತ ಹೊದಿಕೆಗಿಂತ ತೊಗರಿ ಹೊಟ್ಟು, ಒಣ ಎಲೆ, ಕಬ್ಬಿನ ರವದಿ ಎರಡು ಮೂರು ಅಂಗುಲ ಹರಡುವುದು ಉಪಯುಕ್ತ. ಕಪ್ಪು ಪ್ಲಾಸ್ಟಿಕ್ ಕುಂಡದ ಬಿಸಿಲು ಬೀಳುವ ಮಗ್ಗುಲಲ್ಲಿ ಮಣ್ಣು ಬೇರು ಬೇಯುವಷ್ಟು ಕಾಯುತ್ತದೆ. ಕುಂಡಗಳನ್ನು ಒತ್ತಾಗಿ ಕೂಡಿಸಿ, ಪಡುವಣ ಬಿಸಿಲಿಗೆ ಚವಳಿಕಾಯಿ, ಪುಂಡಿಯಂಥ ಗಟ್ಟಿ ಗಿಡಗಳ ದೊಡ್ಡ ಕುಂಡಗಳನ್ನು ಎದುರಿಟ್ಟು, ಅವುಗಳ ನೆರಳಿನಲ್ಲಿ ಬದನೆ, ಪುದೀನದ ಕುಂಡಗಳನ್ನು ಇರಿಸಿದರೆ ಒಳಗಿನ ಕುಂಡಗಳ ಗೋಡೆಗೆ ನೇರ ಬಿಸಿಲು ತಾಗದು. ಮೊದಲ ಮಳೆ ಬಿದ್ದೊಡನೆ ಈ ಗುಂಪನ್ನು ಬಿಡಿಸಿ ಕುಂಡಗಳ ನಡುವೆ ಒಂದು ಗೇಣು ಅಂತರ ಕೊಡಬೇಕು, ತಳಕ್ಕೆ ಇಟ್ಟಿಗೆ ಚೂರು ಇಟ್ಟು ತೂತುಗಳನ್ನು ಬಿಡಿಸಬೇಕು, ಹೊದಿಕೆಯನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕು.